ತಂತಿ ಮೇಲೆ ಬಿದ್ದ ಮರ: ಮರ ಕೊಯ್ಯುವ ಮೆಷಿನ್ (ಚೈನ್‌ಸಾ) ಎಳೆಯುವ ಮೊದಲು

ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಗಾಳಿಮಳೆಗೆ ಸಿಲ್ವರ್ ಓಕ್ ರಸ್ತೆಗೆ ಬಿದ್ದಿದ್ದರೆ ಜೊತೆಗೆ ತಂತಿಯೂ ಬಂದಿದೆ ಎಂದೇ ತಿಳಿಯಿರಿ. ಎಲ್ಲರನ್ನೂ 10 ಮೀಟರ್ ಆಚೆಗೇ ನಿಲ್ಲಿಸಿ. ನೆಲ ಒದ್ದೆಯಿದ್ದರೆ ಇನ್ನೂ ದೂರ. ಕರೆಂಟ್ ಆಫೀಸಿನವರು ಫೋನಿನಲ್ಲಿ ‘ಲೈನ್ ಆಫ್ ಮಾಡಿದ್ದೀವಿ’ ಅಂದರೆ ಸಾಲದು. ತೋಟದ ಮನೆ, ಹೋಂಸ್ಟೇಗಳಲ್ಲಿ ಜನರೇಟರ್ ಇರುತ್ತದೆ. ಚೇಂಜ್‌ಓವರ್ ಸ್ವಿಚ್ (ಜನರೇಟರ್ ಕರೆಂಟ್ ಲೈನಿಗೆ ಸೇರದಂತೆ ತಡೆಯುವ ಸ್ವಿಚ್) ಇಲ್ಲದೆ ಜೋಡಿಸಿದ್ದರೆ ಕರೆಂಟ್ ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರ್ ದಾಟಿ 11 ಕೆವಿ (11,000 ವೋಲ್ಟ್) ಲೈನಿಗೂ ಜೀವ ಬರಬಹುದು. ಲೈನ್‌ಮನ್ ಸ್ಥಳಕ್ಕೆ ಬಂದು, ಟೆಸ್ಟ್ ಮಾಡಿ, ಎರಡೂ ಬದಿ ತಂತಿಯನ್ನು ನೆಲಕ್ಕೆ ಜೋಡಿಸಿ ಅರ್ಥಿಂಗ್ ಹಾಕಿದ ಮೇಲೆಯೇ ಮೆಷಿನ್ ಸ್ಟಾರ್ಟ್.

ಕೊಯ್ಯುವಾಗ ಕಾಂಡ ಯಾವ ಕಡೆ ಬಿಗಿದುಕೊಂಡಿದೆ ನೋಡಿ. ಎರಡೂ ತುದಿಗೆ ಆಸರೆಯಿದ್ದು ನಡು ತೂಗುತ್ತಿದ್ದರೆ, ಮೊದಲು ಮೇಲಿಂದ, ದಪ್ಪದ ಮೂರರಲ್ಲೊಂದು ಭಾಗ ಮೀರದಂತೆ, ಉಳಿದದ್ದು ಕೆಳಗಿನಿಂದ. ಒಂದು ತುದಿ ಗಾಳಿಯಲ್ಲಿದ್ದರೆ ಇದರ ಉಲ್ಟಾ. ತಪ್ಪಿದರೆ ಮೆಷಿನ್ನಿನ ಬಾರ್ (ಚೈನ್ ಸುತ್ತುವ ಪಟ್ಟಿ) ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಕಾಂಡ ಸೀಳಿ ಮೈಮೇಲೆ ಬರುತ್ತದೆ.

ಬೇರುಸಮೇತ ಕಿತ್ತ ಬುಡ ಇನ್ನೂ ಮೋಸದ್ದು. ಕಾಂಡದ ಭಾರ ತಪ್ಪಿದೊಡನೆ ಮಣ್ಣು ಸಮೇತ ಧಡಕ್ಕನೆ ಎದ್ದು ಗುಂಡಿಯಲ್ಲಿ ಕೂರುತ್ತದೆ. ಫೋಟೋ ತೆಗೆಯುವವರು ನಿಲ್ಲುವುದೂ ಸರಿಯಾಗಿ ಅಲ್ಲೇ! ಆ ಕಡೆ ಯಾರೂ ಸುಳಿಯದಂತೆ ನೋಡಲಿಕ್ಕೇ ಒಬ್ಬರನ್ನು ಬಿಡಿ.