ಕಾರಿನ ಮೈಕಟ್ಟು, ಮಾರುವ ದಿನದ ಬೆಲೆ: ಡೆಟ್ರಾಯಿಟ್ ಸೀಮೆಗೆ ಬಂದ ಹೊಸಬರಿಗೆ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ನಮ್ಮ ತಾತ ಎತ್ತಿನ ಹಲ್ಲು ಎಣಿಸುವುದಕ್ಕೂ ಮೊದಲು ಸುಳಿ ನೋಡುತ್ತಿದ್ದರು. ಎತ್ತು ಎಷ್ಟೇ ಗಟ್ಟಿಯಾಗಿರಲಿ, ಸುಳಿ ಸರಿಯಿಲ್ಲದಿದ್ದರೆ ಮುಂದಿನ ಜಾತ್ರೆಯಲ್ಲಿ ಅದನ್ನು ಕೇಳುವವರಿರುವುದಿಲ್ಲ ಎಂಬುದು ಅವರ ಲೆಕ್ಕ. ಕೊಳ್ಳುವಾಗಲೇ ಮಾರುವ ದಿನವನ್ನು ಕಾಣುತ್ತಿದ್ದ ಆ ಕಣ್ಣು ಇಲ್ಲಿ ಕಾರು ಕೊಳ್ಳುವವರಿಗೂ ಬೇಕು. ಟ್ರಾಯ್, ನೋವೈ, ಕ್ಯಾಂಟನ್, ಫಾರ್ಮಿಂಗ್‌ಟನ್ ಹಿಲ್ಸ್ ಕಡೆ ಹೊಸದಾಗಿ ಬಂದವರು ನನ್ನನ್ನು ಎಂಜಿನ್, ಮೈಲೇಜು, ಸಾಲದ ಬಡ್ಡಿಯ ಬಗ್ಗೆ ಕೇಳುತ್ತಾರೆ. ಸೆಡಾನೋ, ಎಸ್‌ಯುವಿಯೋ, ಮಿನಿವ್ಯಾನೋ ಎಂಬುದನ್ನು ಬರಿಯ ಇಷ್ಟದ ವಿಷಯವೆಂದು ಬಿಟ್ಟುಬಿಡುತ್ತಾರೆ. ಮಾರುವಾಗ ಬೆಲೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಮೈಕಟ್ಟೇ.

ನಮ್ಮವರಲ್ಲಿ ಹೆಚ್ಚಿನವರು ಎಚ್-1ಬಿ ಅಥವಾ ಎಲ್-1 ಎಂಬ ಕೆಲಸದ ವೀಸಾದ ಮೇಲೆ ಬಂದವರು. ಕೆಲಸ ಹೋದರೆ ಬೇರೆಯದನ್ನು ಹುಡುಕಿಕೊಳ್ಳಲು ಅಥವಾ ದೇಶ ಬಿಡಲು ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬಾಡಿಗೆ ಕರಾರು, ಮಕ್ಕಳ ಶಾಲೆ, ಮನೆಯ ಸಾಮಾನು, ಕಾರು ಎಲ್ಲವೂ ಇತ್ಯರ್ಥವಾಗಬೇಕು. ಆದ್ದರಿಂದ ಎಷ್ಟು ಡಾಲರಿಗೆ ಹೋಗುತ್ತದೆ ಎಂಬುದರ ಜೊತೆಗೆ ಎಷ್ಟು ದಿನದಲ್ಲಿ ಹೋಗುತ್ತದೆ ಎಂಬುದನ್ನೂ ನೀವು ಇಂದೇ ಯೋಚಿಸಬೇಕು.

ಇದನ್ನು ನಾನು ಕಣ್ಣಾರೆ ಕಂಡದ್ದು 2009ರಲ್ಲಿ. ಏಪ್ರಿಲ್ ಕೊನೆಗೆ ಕ್ರೈಸ್ಲರ್, ಜೂನ್ ಮೊದಲ ದಿನ ಜನರಲ್ ಮೋಟಾರ್ಸ್ ದಿವಾಳಿ ನ್ಯಾಯಾಲಯದ ಮೆಟ್ಟಿಲೇರಿದವು. ಬಿಡಿಭಾಗ ಒದಗಿಸುವ ಕಂಪನಿಗಳಲ್ಲಿದ್ದ ನಮ್ಮವರು ಸಾಲುಸಾಲಾಗಿ ಕೆಲಸ ಕಳೆದುಕೊಂಡರು. 60 ದಿನಗಳ ನಿಯಮ ಬಂದದ್ದು 2017ರಲ್ಲಿ. 2009ರಲ್ಲಿ ಅದೂ ಇರಲಿಲ್ಲ. ನಮ್ಮ ಪಕ್ಕದ ಮನೆಯ ದಂಪತಿಗೆ ಎರಡು ಕಾರುಗಳಿದ್ದವು. ಹಳೆಯ ನಾಲ್ಕು ಬಾಗಿಲ ಸೆಡಾನನ್ನು ಆನ್ ಆರ್ಬರ್‌ನಲ್ಲಿ ಓದುತ್ತಿದ್ದ ಹುಡುಗನೊಬ್ಬ ನಾಲ್ಕೇ ದಿನದಲ್ಲಿ ಕೊಂಡ. ಅದಕ್ಕಿಂತ ಹೊಸದಾದ, ಹೆಚ್ಚು ಬೆಲೆಯ ಎರಡು ಬಾಗಿಲ ಕೂಪೆಯನ್ನು ನೋಡಲು ಬಂದವರು ಬಾಗಿಲು ತೆರೆದು, ಹಿಂದಿನ ಸೀಟನ್ನು ನೋಡಿ, ಮಗುವಿನ ಸೀಟು ಹೇಗೆ ಕೂರಿಸುವುದೆಂದು ಕೇಳಿ ಹೋದರು. ವಿಮಾನ ಹತ್ತುವ ಹಿಂದಿನ ದಿನ ಡೀಲರ್ ಹೇಳಿದ ಬೆಲೆಗೆ ಅದನ್ನು ಕೊಟ್ಟು ಹೋಗಬೇಕಾಯಿತು. ಆ ಸಂಜೆ ಆ ಮನೆಯಾಕೆ ಅಡುಗೆಮನೆಯಲ್ಲಿ ಅತ್ತದ್ದನ್ನು ನಾನು ಮರೆತಿಲ್ಲ.

ಊರಿನ ಲೆಕ್ಕವನ್ನು ಇಲ್ಲಿಗೆ ತರಬೇಡಿ. ಭಾರತದಲ್ಲಿ 2006ರಿಂದ ನಾಲ್ಕು ಮೀಟರಿಗಿಂತ ಗಿಡ್ಡನೆಯ, ಚಿಕ್ಕ ಎಂಜಿನ್ನಿನ ಕಾರಿಗೆ ತೆರಿಗೆ ಕಡಿಮೆ. ಹಾಗಾಗಿ ಬೆಂಗಳೂರಿನಲ್ಲಿ ಹ್ಯಾಚ್‌ಬ್ಯಾಕ್ ಎಂದರೆ ಮಾರಲು ಸುಲಭ, ಡಿಕ್ಕಿಯಿರುವ ಸೆಡಾನ್ ಎಂದರೆ ಗೌರವ, ಇನ್ನೋವಾ ಎಂದರೆ ಬೆಲೆ ಇಳಿಯದ ಗಾಡಿ. ಅಮೆರಿಕದಲ್ಲಿ ಚಿಕ್ಕ ಹ್ಯಾಚ್‌ಬ್ಯಾಕನ್ನು ಕಂಪನಿಗಳೇ ಕೈಬಿಟ್ಟಿವೆ. ಹೋಂಡಾ ಫಿಟ್ (ನಮ್ಮ ಜಾಝ್) ಮತ್ತು ಟೊಯೋಟಾ ಯಾರಿಸ್ ಎರಡೂ 2020ರ ಮಾದರಿಗೆ ನಿಂತವು. ಆದರೂ ಹಳೆಯ ಫಿಟ್ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿದೆ: ಬೇಕೆನ್ನುವವರು ಕೆಲವರೇ, ಆದರೆ ಅವರು ಅದನ್ನೇ ಹುಡುಕಿಕೊಂಡು ಬರುತ್ತಾರೆ.

ಸೆಡಾನಿನ ಕಥೆಯನ್ನು ತುಸು ಬಿಡಿಸಿ ಹೇಳಬೇಕು. 2018ರ ಏಪ್ರಿಲ್‌ನಲ್ಲಿ ಫೋರ್ಡ್, ಉತ್ತರ ಅಮೆರಿಕದಲ್ಲಿ ತನ್ನ ಸೆಡಾನುಗಳನ್ನೆಲ್ಲ ನಿಲ್ಲಿಸುವುದಾಗಿ ಹೇಳಿತು. ಷೆವರ್ಲೆ ಕ್ರೂಜ್ 2019ರಲ್ಲಿ, ಮಾಲಿಬು 2024ರಲ್ಲಿ ಮುಗಿದವು. ಜನ ಎತ್ತರದ ಕ್ರಾಸ್‌ಓವರ್ (ಕಾರಿನ ತಳಹದಿಯ ಮೇಲೆ ಕಟ್ಟಿದ ಎಸ್‌ಯುವಿ) ಕಡೆಗೆ ಹೊರಳಿದ್ದರಿಂದ ಸೆಡಾನಿನ ಬೆಲೆ ಬೇಗ ಇಳಿಯುತ್ತದೆ. ಬಾಡಿಗೆ ಕಾರಿನ ಕಂಪನಿಗಳು ಸಾವಿರಗಟ್ಟಲೆ ಸೆಡಾನುಗಳನ್ನು ಒಟ್ಟಿಗೆ ಮಾರುಕಟ್ಟೆಗೆ ಬಿಡುವುದೂ ಇಳಿತಕ್ಕೆ ಕಾರಣ. ಐಷಾರಾಮಿ ದೊಡ್ಡ ಸೆಡಾನಿನ ಇಳಿತ ಎಲ್ಲಕ್ಕಿಂತ ಕಡಿದು. ಹೊಸದು ಕೊಂಡವರಿಗೆ ಇದು ನಷ್ಟ. ಮೂರು ನಾಲ್ಕು ವರ್ಷ ಓಡಿದ ಕಾರನ್ನು ಕೊಳ್ಳುವ ನಿಮಗೆ ಆ ನಷ್ಟವನ್ನು ಬೇರೊಬ್ಬರು ಆಗಲೇ ಕಟ್ಟಿಯಾಗಿದೆ. ಕ್ಯಾಮ್ರಿ, ಕೊರೊಲಾ, ಅಕಾರ್ಡ್, ಸಿವಿಕ್ ಇವುಗಳನ್ನು ಈ ಸಾಮಾನ್ಯ ಮಾತಿಗೆ ಹೊರತಾಗಿಡಿ. ವಿದ್ಯಾರ್ಥಿಗಳು, ನಿಮ್ಮ ನಂತರ ಬರುವ ಹೊಸಬರು, ಟ್ಯಾಕ್ಸಿ ಓಡಿಸುವವರು, ಇವರೆಲ್ಲ ಅವನ್ನು ಕೇಳಿಕೊಂಡು ಬರುತ್ತಾರೆ. ಎಷ್ಟು ಕಾಲ ಇರುತ್ತೇವೆಂದು ತಿಳಿಯದ ಮೊದಲ ಎರಡು ವರ್ಷಕ್ಕೆ ನಾನು ಯಾರಿಗಾದರೂ ಹೇಳುವುದು ಈ ನಾಲ್ಕರಲ್ಲಿ ಒಂದನ್ನೇ.

ಕ್ರಾಸ್‌ಓವರ್ ಮತ್ತು ಎಸ್‌ಯುವಿಯ ಬೇಡಿಕೆ ಹೆಚ್ಚು, ಅದರಲ್ಲೂ ಮಿಷಿಗನ್ ಚಳಿಗಾಲಕ್ಕೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಾದರೆ. ಆದರೆ ಈ ಊರಿನದೇ ಒಂದು ವಿಶೇಷವಿದೆ. ಇಲ್ಲಿ ಮನೆಗೊಬ್ಬರು ಕಾರು ಕಂಪನಿಯವರು. ಫೋರ್ಡಿನ ಎ-ಪ್ಲ್ಯಾನ್‌ನಂತಹ ನೌಕರರ ರಿಯಾಯಿತಿಯಲ್ಲಿ ಹೊಸ ಗಾಡಿಯನ್ನು ಲೀಸಿಗೆ ಪಡೆದು ಎರಡು ಮೂರು ವರ್ಷಕ್ಕೆ ಹಿಂದಿರುಗಿಸುತ್ತಾರೆ. ಎಸ್ಕೇಪ್, ಎಕ್ಸ್‌ಪ್ಲೋರರ್, ಈಕ್ವಿನಾಕ್ಸ್, ಗ್ರ್ಯಾಂಡ್ ಚೆರೊಕಿಗಳು ಹೀಗೆ ಒಂದೇ ವಯಸ್ಸಿನವು ಡೀಲರ್ ಅಂಗಳಗಳಲ್ಲಿ ಸಾಲುಗಟ್ಟುತ್ತವೆ. ಕೊಳ್ಳುವಾಗ ಚೌಕಾಸಿಗೆ ಅನುಕೂಲ. ಮಾರುವಾಗ ಮಾತ್ರ ನಿಮ್ಮ ಗಾಡಿಯಂಥದ್ದೇ ಇಪ್ಪತ್ತು ಗಾಡಿಗಳ ಎದುರು ನಿಲ್ಲಬೇಕು.

ಪಿಕಪ್ಪು ಬೆಲೆ ಹಿಡಿದುಕೊಳ್ಳುವುದರಲ್ಲಿ ಎಲ್ಲಕ್ಕಿಂತ ಮುಂದು. ಕಡಲಾಚೆಯಿಂದ ಬರುವ ಸಣ್ಣ ಟ್ರಕ್ಕಿಗೆ ಅಮೆರಿಕ 1964ರಿಂದ ಶೇ. 25 ಸುಂಕ ಹಾಕುತ್ತಿದೆ. ಯುರೋಪಿನವರು ಇಲ್ಲಿನ ಕೋಳಿಮಾಂಸಕ್ಕೆ ಸುಂಕ ಏರಿಸಿದ್ದಕ್ಕೆ ಪ್ರತಿಯಾಗಿ ಬಂದ ಕಾರಣ ಇದಕ್ಕೆ ಕೋಳಿ ಸುಂಕವೆಂದೇ ಹೆಸರು. ಅಗ್ಗದ ಪಿಕಪ್ ಕಡಲಾಚೆಯಿಂದ ಬರದ ಕಾರಣ ಒಳಗಿನದಕ್ಕೆ ಬೆಲೆ ನಿಂತಿದೆ. ಆದರೆ ಬೆಲೆ ನಿಲ್ಲುವ ಗಾಡಿ ಕೊಳ್ಳುವಾಗಲೂ ದುಬಾರಿ. ಮನೆ ಕಟ್ಟುವ, ದೋಣಿ ಎಳೆಯುವ ಕೆಲಸ ನಿಮಗಿಲ್ಲದಿದ್ದರೆ ಆ ಹಣವನ್ನು ಕಟ್ಟಿಡುವುದು ಬೇಡ.

ಮಿನಿವ್ಯಾನನ್ನು ಅಮೆರಿಕನ್ನರು ಬಹುಮಟ್ಟಿಗೆ ಬಿಟ್ಟಿದ್ದಾರೆ, ನಮ್ಮವರು ಬಿಟ್ಟಿಲ್ಲ. ಅಪ್ಪ ಅಮ್ಮ ಊರಿನಿಂದ ಬಂದಾಗ, ಮಂಡಿನೋವಿನ ಅಮ್ಮ ಜಾರುಬಾಗಿಲಿನಿಂದ ಸಲೀಸಾಗಿ ಒಳಗೆ ಹೋಗಿ ಕೂರುವುದನ್ನು ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಪಂಪ ಕನ್ನಡ ಕೂಟದ ಯುಗಾದಿಗೆ ಒಬ್ಬಟ್ಟಿನ ತಟ್ಟೆಗಳನ್ನೂ ತಬಲಾವನ್ನೂ ಸಾಗಿಸುವುದು ಇದರಲ್ಲೇ. ಈಗ ಹೊಸದಾಗಿ ಸಿಗುವವು ಸಿಯೆನ್ನಾ, ಒಡಿಸ್ಸಿ, ಪೆಸಿಫಿಕಾ, ಕಾರ್ನಿವಲ್‌ನಂತಹ ಬೆರಳೆಣಿಕೆಯವು. 2021ರ ಮಾದರಿಯಿಂದ ಸಿಯೆನ್ನಾ ಹೈಬ್ರಿಡ್ ಮಾತ್ರ. ಹಳೆಯದಕ್ಕೂ ಒಳ್ಳೆಯ ಬೆಲೆ ಬರುತ್ತದೆ. ಮಾರುವಾಗ ನೋಡುವವರು ಮೊದಲು ಜಾರುಬಾಗಿಲಿನ ಮೋಟಾರನ್ನೂ ಮೂರನೆಯ ಸಾಲಿನ ಸೀಟನ್ನೂ ಪರೀಕ್ಷಿಸುತ್ತಾರೆ. ಮಕ್ಕಳು ಚೆಲ್ಲಿದ ಹಾಲಿನ ವಾಸನೆಗೂ ಬೆಲೆ ಕಡಿಯುತ್ತಾರೆ.

ಮೈಕಟ್ಟಿನ ಮರ್ಯಾದೆ ಸ್ಥಿರವಲ್ಲ ಎಂಬುದನ್ನೂ ತಿಳಿದಿರಿ. 2008ರ ಜೂನ್‌ನಲ್ಲಿ ಪೆಟ್ರೋಲಿನ ಸರಾಸರಿ ಬೆಲೆ ಗ್ಯಾಲನ್ನಿಗೆ 4 ಡಾಲರ್ ದಾಟಿತು. ಅದುವರೆಗೆ ಕುದುರೆಯಂತೆ ಓಡುತ್ತಿದ್ದ ದೊಡ್ಡ ಎಸ್‌ಯುವಿ, ಪಿಕಪ್ಪುಗಳ ಮರುಮಾರಾಟದ ಬೆಲೆ ಕೆಲವೇ ತಿಂಗಳಲ್ಲಿ ಕುಸಿಯಿತು. ಲೀಸಿನಿಂದ ಹಿಂದಿರುಗಿದ ಗಾಡಿಗಳ ನಷ್ಟ ತಾಳಲಾರದೆ ಕ್ರೈಸ್ಲರ್ ಫೈನಾನ್ಷಿಯಲ್ ಆ ಆಗಸ್ಟ್‌ನಿಂದ ಲೀಸ್ ಕೊಡುವುದನ್ನೇ ನಿಲ್ಲಿಸಿತು. ಅದೇ ಹೊತ್ತಿನಲ್ಲಿ ಯಾರೂ ಕೇಳದಿದ್ದ ಚಿಕ್ಕ ಕಾರುಗಳಿಗೆ ಬೆಲೆ ಬಂತು. ಚಿಪ್ ಕೊರತೆಯಿಂದ ಹೊಸ ಕಾರು ಸಿಗದಿದ್ದ 2021–22ರಲ್ಲಂತೂ ಹಳೆಯ ಗಾಡಿಗಳೆಲ್ಲ ಏರಿ ಕುಳಿತವು. ಇಂಧನ ಹೆಚ್ಚು ಕುಡಿಯುವ ಗಾಡಿ ಕೊಂಡವರು ಬೆಲೆ ಕುಸಿಯುವ ಅಪಾಯವನ್ನೂ ಕೊಂಡಿರುತ್ತಾರೆ.

ಕೂಪೆ, ಚಾವಣಿ ತೆರೆಯುವ ಕನ್ವರ್ಟಿಬಲ್‌ಗಳ ಬಗ್ಗೆ ಇಷ್ಟೇ: ಮಾರುವುದಿದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ಮಾರಿ, ಜನವರಿಯಲ್ಲಿ ಕೊಳ್ಳಿ. ನಾಲ್ಕು ಚಕ್ರಕ್ಕೂ ಶಕ್ತಿಯಿರುವ ಗಾಡಿಗೆ ಇದು ತಿರುಗುಮುರುಗು, ಅಕ್ಟೋಬರಿನಿಂದ ಕೇಳುವವರು ಹೆಚ್ಚು. ಅಗ್ಗದ ಕುಟುಂಬ ಕಾರುಗಳು ಬಿರುಸಾಗಿ ಹೋಗುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಆದಾಯ ತೆರಿಗೆಯ ಮರುಪಾವತಿ ಜನರ ಕೈಸೇರುವ ಕಾಲ ಅದು.

ಇನ್ನು ಉಪ್ಪು. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಗಾಡಿಯ ತಳವನ್ನು ತಿನ್ನುತ್ತದೆ. ಪಿಕಪ್ಪು ಮತ್ತು ಹಳೆಯ ಬಗೆಯ ಎಸ್‌ಯುವಿಗಳಲ್ಲಿ ಮೈಯೇ ಬೇರೆ, ಕೆಳಗಿನ ಚಾಸಿಯೇ ಬೇರೆ. ಮೇಲಿನ ಬಣ್ಣ ಹೊಳೆಯುತ್ತಿದ್ದರೂ ಚಾಸಿ ತುಕ್ಕು ಹಿಡಿದಿರಬಹುದು. ಸೆಡಾನ್, ಕ್ರಾಸ್‌ಓವರುಗಳಲ್ಲಿ ಬಾಗಿಲ ಕೆಳಗಿನ ಅಂಚನ್ನೂ ಚಕ್ರದ ಮೇಲಿನ ಕಮಾನನ್ನೂ ಬೆರಳಿನಿಂದ ಒತ್ತಿ ನೋಡಿ. ಕೊಳ್ಳುವ ಮೊದಲು ನೂರಿನ್ನೂರು ಡಾಲರ್ ಹೋದರೂ ಸರಿ, ಗಾಡಿಯನ್ನು ಎತ್ತಿಸಿ ಮೆಕ್ಯಾನಿಕ್‌ಗೆ ತಳ ತೋರಿಸಿ. ಕೊಂಡ ಮೇಲೆ ಚಳಿಗಾಲದಲ್ಲಿ ತಳವನ್ನೂ ತೊಳೆಸುತ್ತಿರಿ. ಮಾರುವ ದಿನ ಅದು ನಿಮ್ಮ ಕೈಗೆ ಬರುತ್ತದೆ.

ಬೆಲೆ ಹೇಳುವ ಮೊದಲು ಗಾಡಿಗಳ ಬೆಲೆ ತಿಳಿಸುವ ಜಾಲತಾಣಗಳಾದ ಕೆಲ್ಲಿ ಬ್ಲೂ ಬುಕ್ ಮತ್ತು ಎಡ್ಮಂಡ್ಸ್ ಎರಡರಲ್ಲೂ ನೋಡಿ. ನಾಲ್ಕು ಚಕ್ರದ ಶಕ್ತಿ, ಮೂರನೆಯ ಸಾಲು ಇವನ್ನು ನಮೂದಿಸಲು ಮರೆಯಬೇಡಿ. ಡೀಲರ್ ಕೊಡುವ ಬೆಲೆ ಖಾಸಗಿಯಾಗಿ ಬರುವುದಕ್ಕಿಂತ ಕಡಿಮೆ, ಆದರೆ ಅಂದೇ ಕೈಸೇರುತ್ತದೆ. ಹೊರಡಲು ಮೂರು ವಾರ ಇರುವವರೆಗೆ ಖಾಸಗಿಯಾಗಿ ಪ್ರಯತ್ನಿಸಿ, ಆಮೇಲೆ ಎರಡು ಮೂರು ಡೀಲರುಗಳ ಬೆಲೆ ಪಡೆದು ಹೆಚ್ಚಿನದಕ್ಕೆ ಕೊಟ್ಟುಬಿಡಿ.

ಮಿಷಿಗನ್‌ನಲ್ಲಿ ಗಾಡಿಯ ಒಡೆತನ ಬದಲಿಸುವ ಕೆಲಸವೆಲ್ಲ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯದು. ಕೊಂಡವರು 15 ದಿನದೊಳಗೆ ಟೈಟಲ್ (ಒಡೆತನದ ಪತ್ರ) ತಮ್ಮ ಹೆಸರಿಗೆ ಮಾಡಿಸಿಕೊಂಡು ಶೇ. 6 ತೆರಿಗೆ ಕಟ್ಟಬೇಕು. ಸ್ನೇಹಕ್ಕೆಂದು ಕಾಗದದಲ್ಲಿ ಕಡಿಮೆ ಬೆಲೆ ಬರೆಯಬೇಡಿ. ಕೊಟ್ಟ ಬೆಲೆ, ಮಾರುಕಟ್ಟೆ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೇ ತೆರಿಗೆ. ಮಾರುವವರು ತಮ್ಮ ನಂಬರ್ ಪ್ಲೇಟನ್ನು ಬಿಚ್ಚಿಟ್ಟುಕೊಳ್ಳಬೇಕು, ಅದು ಗಾಡಿಯ ಜೊತೆ ಹೋಗುವುದಿಲ್ಲ. ಕೊಳ್ಳುವವರ ಜೊತೆ ನೀವೇ ಕಚೇರಿಗೆ ಹೋಗುವುದು ಉತ್ತಮ. ಆಗದಿದ್ದರೆ ಸಹಿ ಮಾಡಿದ ಟೈಟಲ್‌ನ ಪ್ರತಿಯನ್ನು 18 ತಿಂಗಳು ಜೋಪಾನವಾಗಿಡಿ, ಬೆಂಗಳೂರಿಗೆ ಹೊರಟರೂ ಕೈಚೀಲದಲ್ಲೇ ಒಯ್ಯಿರಿ.