ಪೈಪಿನಲ್ಲಿ ನೀರು ಹೆಪ್ಪುಗಟ್ಟಿದಾಗ: ಒಡೆಯದಂತೆ ಕರಗಿಸುವ ಕ್ರಮ

ಉಷ್ಣಾಂಶ ಸೊನ್ನೆಗಿಂತ ಬಹಳ ಕೆಳಗಿಳಿದ ರಾತ್ರಿ ಕಳೆದು ಬೆಳಗಾದಾಗ ನಲ್ಲಿಯಲ್ಲಿ ನೀರು ಬಾರದಿದ್ದರೆ, ಬಹಳಷ್ಟು ಜನ ಮೊದಲು ಹುಡುಕುವುದು ಪೈಪನ್ನು ಬಿಸಿ ಮಾಡುವ ಸಾಧನವನ್ನು. ಕೆಲವರು ಬ್ಲೋ ಟಾರ್ಚ್ (ಬಲವಾದ ಜ್ವಾಲೆ ಚಿಮ್ಮಿಸುವ ಕೈ ಉಪಕರಣ) ತರುತ್ತಾರೆ, ಕೆಲವರು ಕುದಿಯುವ ನೀರನ್ನೇ ಸುರಿಯುತ್ತಾರೆ. ಎರಡೂ ತಪ್ಪು. ಎಲ್ಲಿಂದ ಬಿಸಿ ಮಾಡಬೇಕೆಂದು ಯೋಚಿಸದೆ ಕೈಗೆ ಸಿಕ್ಕ ಜಾಗದಲ್ಲಿ ಆರಂಭಿಸುವುದು ಅವಕ್ಕಿಂತಲೂ ದೊಡ್ಡ ತಪ್ಪು. ರಾತ್ರಿಯ ಚಳಿಯನ್ನು ತಾಳಿಕೊಂಡ ಪೈಪು ಬೆಳಗಿನ ಈ ಆತುರಕ್ಕೆ ಸಿಕ್ಕಿ ಒಡೆಯುವುದನ್ನು ಮತ್ತೆ ಮತ್ತೆ ಕಂಡಿರುವುದರಿಂದ, ಈ ಕೆಲಸದ ಕ್ರಮವನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ಮೊದಲು ಪೈಪು ಏಕೆ ಒಡೆಯುತ್ತದೆ ಎಂಬುದು ತಿಳಿದಿರಬೇಕು. ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಹಿಗ್ಗಿದ ಗಡ್ಡೆ ತಾನಿರುವ ಜಾಗದಲ್ಲೇ ಪೈಪನ್ನು ಸೀಳುತ್ತದೆ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ನಡೆಯುವುದು ಬೇರೆ. ಬೆಳೆಯುತ್ತಿರುವ ಗಡ್ಡೆಯು ಎರಡೂ ಬದಿಯ ನೀರನ್ನು ತಳ್ಳುತ್ತದೆ. ಬೀದಿಯ ಮುಖ್ಯ ಕೊಳವೆಯ ಕಡೆಗಿರುವ ನೀರಿಗೆ ಹಿಂದೆ ಸರಿಯಲು ದಾರಿಯಿರುತ್ತದೆ. ನಲ್ಲಿಯ ಕಡೆಗಿರುವ ನೀರಿಗೆ, ನಲ್ಲಿ ಮುಚ್ಚಿದ್ದರೆ, ಹೋಗಲು ಜಾಗವೇ ಇಲ್ಲ. ಹೀಗೆ ಗಡ್ಡೆ ಮತ್ತು ನಲ್ಲಿಯ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಪೈಪಿನ ತಾಳಿಕೆಯನ್ನು ಮೀರಿ ಏರಿ, ಎಲ್ಲಿ ಬೆಸುಗೆ ಅಥವಾ ಜೋಡಣೆ ದುರ್ಬಲವಾಗಿದೆಯೋ ಅಲ್ಲಿ ಸೀಳು ಬಿಡುತ್ತದೆ. ಆ ಜಾಗದಲ್ಲಿ ಮಂಜುಗಡ್ಡೆಯ ಒಂದು ಹರಳೂ ಇಲ್ಲದಿರಬಹುದು. ಮುಂದೆ ಹೇಳುವ ಪ್ರತಿಯೊಂದು ಹಂತವೂ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಹಂತ 1: ನಲ್ಲಿ ತೆರೆಯಿರಿ, ಮುಖ್ಯ ವಾಲ್ವ್ ಎಲ್ಲಿದೆ ಎಂದು ನೋಡಿಕೊಳ್ಳಿ

ನೀರು ಬಾರದ ನಲ್ಲಿಯನ್ನು ಪೂರ್ತಿ ತೆರೆದಿಡಿ. ಬಿಸಿನೀರು ಮತ್ತು ತಣ್ಣೀರಿನ ಎರಡು ನಲ್ಲಿಗಳಿದ್ದರೆ ಎರಡನ್ನೂ. ಮನೆಗೆ ನೀರು ಬರುವ ಮುಖ್ಯ ವಾಲ್ವ್ ಕೈಗೆ ಸಿಗುವಂತಿದೆಯೇ, ತಿರುಗುತ್ತದೆಯೇ ಎಂದು ಪರೀಕ್ಷಿಸಿ. ವರ್ಷಗಟ್ಟಲೆ ಮುಟ್ಟದ ವಾಲ್ವ್‌ಗಳು ಕಚ್ಚಿಕೊಂಡಿರುತ್ತವೆ, ಮತ್ತು ಆ ವಿಷಯ ನೆಲದ ಮೇಲೆ ನೀರು ಹರಿಯುತ್ತಿರುವಾಗಲೇ ಗೊತ್ತಾಗುತ್ತದೆ.

ಹಂತ 2: ಗಡ್ಡೆ ಇರುವ ಜಾಗವನ್ನು ಗುರುತಿಸಿ

ಮನೆಯ ಎಲ್ಲ ನಲ್ಲಿಗಳನ್ನೂ ಒಂದೊಂದಾಗಿ ತೆರೆದು ನೋಡಿ. ಒಂದರಲ್ಲಿ ಮಾತ್ರ ನೀರಿಲ್ಲದಿದ್ದರೆ ತೊಂದರೆ ಆ ಕವಲಿನಲ್ಲಿದೆ. ಯಾವುದರಲ್ಲೂ ಇಲ್ಲದಿದ್ದರೆ ಮೀಟರಿನ ಬಳಿ ಅಥವಾ ನೆಲದಡಿಯಲ್ಲಿ ಹೆಪ್ಪುಗಟ್ಟಿರಬಹುದು, ಇಲ್ಲವೇ ಊರಿನ ಸರಬರಾಜೇ ನಿಂತಿರಬಹುದು. ಪಕ್ಕದ ಮನೆಯಲ್ಲಿ ವಿಚಾರಿಸದೆ ಗೋಡೆ ಒಡೆಯಲು ಹೋಗಬೇಡಿ. ನೆಲದಡಿಯ ಪೈಪು ಹೆಪ್ಪುಗಟ್ಟಿದ್ದರೆ ಅದು ಮನೆಯವರು ಮಾಡುವ ಕೆಲಸವಲ್ಲ, ಪ್ಲಂಬರನ್ನೋ ನೀರು ಸರಬರಾಜಿನವರನ್ನೋ ಕರೆಯಬೇಕು.

ಕವಲಿನ ಪೈಪಾದರೆ ಹೊರಗೋಡೆಗೆ ತಾಗಿದ ಭಾಗ, ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟು, ಬಿಸಿ ಇಲ್ಲದ ನೆಲಮಾಳಿಗೆ, ಅಟ್ಟ, ಗ್ಯಾರೇಜು ಇವನ್ನು ಮೊದಲು ನೋಡಬೇಕು. ಗೋಡೆಯಲ್ಲಿ ಪೈಪು ಹಾದುಬರುವ ತೂತಿನ ಸುತ್ತ ಸಣ್ಣ ಸಂದಿಯಿದ್ದರೂ ಸಾಕು, ಅದರಿಂದ ನುಗ್ಗುವ ಗಾಳಿ ಅದೊಂದೇ ಜಾಗವನ್ನು ಹೆಪ್ಪುಗಟ್ಟಿಸುತ್ತದೆ. ಪೈಪಿನ ಹೊರಮೈಯಲ್ಲಿ ಬಿಳಿ ಹಿಮದ ಪದರ ಕಂಡರೆ ಜಾಗ ಸಿಕ್ಕಿತೆಂದೇ ಅರ್ಥ. ಕಾಣದಿದ್ದರೆ ಕೈಯಿಂದ ತಡವುತ್ತ ಹೋಗಿ, ಉಳಿದ ಭಾಗಕ್ಕಿಂತ ಹೆಚ್ಚು ತಣ್ಣಗಿರುವ ತುಂಡನ್ನು ಹುಡುಕಿ. ಲೋಹದ ಪೈಪನ್ನು ಸ್ಕ್ರೂ ಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಗಡ್ಡೆ ಇರುವಲ್ಲಿ ಸದ್ದು ಮಂದವಾಗುತ್ತದೆ. ಇದೇ ಹೊತ್ತಿನಲ್ಲಿ ಪೈಪಿನ ಉದ್ದಕ್ಕೂ ಉಬ್ಬು, ಸೀಳು, ಬಿಟ್ಟುಕೊಂಡ ಜೋಡಣೆ ಇವೆಯೇ ನೋಡಿ. ಇದ್ದರೆ ಕರಗಿಸುವ ಮೊದಲೇ ಮುಖ್ಯ ವಾಲ್ವ್ ಮುಚ್ಚಿಬಿಡಿ.

ಹಂತ 3: ನಲ್ಲಿಯ ಕಡೆಯಿಂದ ಹಿಂದಕ್ಕೆ ಕರಗಿಸುತ್ತ ಹೋಗಿ

ಎಲ್ಲರೂ ಎಡವುವುದು ಇಲ್ಲಿ. ಗಡ್ಡೆಯ ನಡುಭಾಗಕ್ಕೆ ಶಾಖ ಕೊಟ್ಟರೆ ಅಲ್ಲಿ ಕರಗಿದ ನೀರು ಎರಡು ಗಡ್ಡೆಗಳ ನಡುವೆ ಬಂದಿಯಾಗುತ್ತದೆ. ಶಾಖ ಇನ್ನೂ ಹೆಚ್ಚಾದರೆ ಅದು ಆವಿಯಾಗಿ, ಚಳಿ ಒಡೆಯದೆ ಬಿಟ್ಟಿದ್ದ ಪೈಪನ್ನು ನೀವೇ ಒಡೆದಂತಾಗುತ್ತದೆ. ಆದ್ದರಿಂದ ತೆರೆದಿಟ್ಟ ನಲ್ಲಿಗೆ ಹತ್ತಿರದ ತುದಿಯಿಂದ ಆರಂಭಿಸಿ, ಗಡ್ಡೆಯ ಕಡೆಗೆ ಒಂದೊಂದು ಗೇಣಿನಷ್ಟು ಸರಿಯುತ್ತ ಹೋಗಬೇಕು. ಕರಗಿದ ನೀರು ನಲ್ಲಿಯಿಂದ ಹೊರಬೀಳಲು ಆಗ ದಾರಿಯಿರುತ್ತದೆ.

ಸಾಧನಗಳಲ್ಲಿ ನನ್ನ ಆಯ್ಕೆ ತಲೆಗೂದಲು ಒಣಗಿಸುವ ಹೇರ್ ಡ್ರೈಯರ್. ಅದರ ಶಾಖ ಸಾಧಾರಣ, ಎಲ್ಲಿ ಬೀಳುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ, ಬೇಕಾದಾಗ ತಕ್ಷಣ ನಿಲ್ಲಿಸಬಹುದು. ಪೈಪಿನಿಂದ ಒಂದು ಅಂಗೈಯಷ್ಟು ದೂರದಲ್ಲಿ ಹಿಡಿದು, ಒಂದೇ ಕಡೆ ನಿಲ್ಲಿಸದೆ ಅತ್ತಿತ್ತ ಆಡಿಸುತ್ತಿರಿ. ಪೈಪನ್ನು ಬರಿಗೈಯಲ್ಲಿ ಮುಟ್ಟಲಾಗದಷ್ಟು ಬಿಸಿ ಮಾಡುತ್ತಿದ್ದರೆ ಅದು ಅತಿಯಾಯಿತು. ತಣ್ಣೀರಿಗೆ ಬಳಸುವ ಪಿವಿಸಿ ಪೈಪು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖಕ್ಕೆ ತಕ್ಕುದಲ್ಲ. ಅದರಾಚೆಗೆ ಅದು ಮೆತ್ತಗಾಗುತ್ತದೆ. ಕುದಿಯುವ ನೀರನ್ನು ಸುರಿಯಬಾರದೆನ್ನುವುದಕ್ಕೆ ಇದೂ ಒಂದು ಕಾರಣ. ಡ್ರೈಯರ್ ಹಿಡಿಯುವ ಕೈ, ನಿಂತ ನೆಲ ಎರಡೂ ಒಣಗಿರಬೇಕು.

ವಿದ್ಯುತ್ ಇಲ್ಲದಿದ್ದರೆ ಹಳೆಯ ಟವೆಲ್‌ಗಳನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಪೈಪಿಗೆ ಸುತ್ತಿ, ಆರಿದಂತೆಲ್ಲ ಬದಲಿಸುತ್ತಿರಿ. ತೀವ್ರ ಚಳಿಯಲ್ಲಿ ವಿದ್ಯುತ್ತೂ ನೀರೂ ಒಟ್ಟಿಗೆ ಹೋಗುವುದು ಅಪರೂಪವಲ್ಲವಾದ್ದರಿಂದ ಈ ವಿಧಾನವನ್ನು ತಿಳಿದಿರುವುದು ಒಳ್ಳೆಯದು. 2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಹೀಗೆಯೇ ಆಯಿತು: ನೈಸರ್ಗಿಕ ಅನಿಲದ ಬಾವಿಗಳೂ ವಿದ್ಯುತ್ ಸ್ಥಾವರಗಳ ಉಪಕರಣಗಳೂ ಹೆಪ್ಪುಗಟ್ಟಿ, 40 ಲಕ್ಷಕ್ಕೂ ಹೆಚ್ಚು ಮನೆ ಮತ್ತು ಅಂಗಡಿಗಳಿಗೆ ವಿದ್ಯುತ್ ನಿಂತು, ಬಿಸಿಯಿಲ್ಲದ ಕಟ್ಟಡಗಳಲ್ಲಿ ಪೈಪುಗಳು ಒಡೆದವು. ಆಗ ಬೆಚ್ಚಗಿರಲೆಂದು ಮನೆಯೊಳಗೆ ಇದ್ದಿಲು ಉರಿಸಿದವರು, ಜನರೇಟರನ್ನು ಗ್ಯಾರೇಜಿನಲ್ಲಿಟ್ಟು ನಡೆಸಿದವರು ಕಾರ್ಬನ್ ಮಾನಾಕ್ಸೈಡ್‌ಗೆ ಬಲಿಯಾದರು. ಪೈಪಿಗಾಗಲಿ ಕೋಣೆಗಾಗಲಿ, ಇಂಧನ ಉರಿಸಿ ಶಾಖ ಕೊಡುವ ಯಾವ ಸಾಧನವನ್ನೂ ಗಾಳಿ ಹೊರಹೋಗದ ಜಾಗದಲ್ಲಿ ಬಳಸಬಾರದು.

ಬ್ಲೋ ಟಾರ್ಚ್ ಬಗ್ಗೆ ವಾದ ಮಾಡುವವರು ಎಲ್ಲ ಕಡೆ ಸಿಗುತ್ತಾರೆ. ಬೇಗ ಆಗುತ್ತದೆ ಎಂಬುದು ನಿಜ, ಆದರೆ ಅದರ ಜ್ವಾಲೆ ತಾಮ್ರದ ಪೈಪಿನ ಬೆಸುಗೆಯನ್ನು ಕರಗಿಸುತ್ತದೆ, ಗೋಡೆಯೊಳಗಿನ ಮರಕ್ಕೆ ಹೊತ್ತಿಕೊಂಡ ಕಿಡಿ ಹೊರಗೆ ಕಾಣಿಸದೆ ಗಂಟೆಗಟ್ಟಲೆ ಒಳಗೇ ಉರಿಯಬಲ್ಲದು, ಅಷ್ಟರಲ್ಲಿ ನೀವು ಕೆಲಸ ಮುಗಿಯಿತೆಂದು ಮಲಗಿರುತ್ತೀರಿ. ಲೋಹದ ಪೈಪಿಗೆ ವೆಲ್ಡಿಂಗ್ ಯಂತ್ರದ ತಂತಿಗಳನ್ನು ಸಿಕ್ಕಿಸಿ ಕರಗಿಸುವ ಇನ್ನೊಂದು ಅಡ್ಡದಾರಿಯಿದೆ. ಆ ವಿದ್ಯುತ್ತು ಪೈಪಿನಲ್ಲಷ್ಟೇ ಉಳಿಯದೆ ಬೇರೆ ಲೋಹದ ದಾರಿಗಳನ್ನೂ ಹಿಡಿಯಬಹುದು, ಅದರಿಂದಲೂ ಬೆಂಕಿ ಬಿದ್ದದ್ದುಂಟು.

ತಾಳ್ಮೆ ಏಕೆ ಬೇಕೆಂಬುದನ್ನು ಲೆಕ್ಕವೇ ಹೇಳುತ್ತದೆ. ಸೊನ್ನೆ ಡಿಗ್ರಿಯಲ್ಲಿರುವ ಒಂದು ಕಿಲೋ ಮಂಜುಗಡ್ಡೆಯನ್ನು ಸೊನ್ನೆ ಡಿಗ್ರಿಯ ನೀರಾಗಿಸಲು ಸುಮಾರು 334 ಕಿಲೋಜೂಲ್ ಶಾಖ ಬೇಕು. ಅಷ್ಟೇ ಶಾಖದಿಂದ ಅದೇ ಒಂದು ಕಿಲೋ ನೀರನ್ನು ಸೊನ್ನೆಯಿಂದ 80 ಡಿಗ್ರಿಯ ಆಸುಪಾಸಿಗೆ ಏರಿಸಬಹುದು. ಆದ್ದರಿಂದ ಹದಿನೈದು ನಿಮಿಷವಾದರೂ ಏನೂ ಆಗಲಿಲ್ಲವೆಂದು ಶಾಖ ಹೆಚ್ಚಿಸಬೇಡಿ. ಒಳಗೆ ಕೆಲಸ ನಡೆಯುತ್ತಿರುತ್ತದೆ. ಮೊದಲು ನಲ್ಲಿ ಗೊರಗುಟ್ಟುತ್ತದೆ, ಆಮೇಲೆ ಹನಿ, ಆಮೇಲೆ ಸಣ್ಣ ಧಾರೆ. ಧಾರೆ ಕಂಡ ಕೂಡಲೇ ನಲ್ಲಿ ಮುಚ್ಚಬೇಡಿ. ಹರಿಯುವ ನೀರು ಉಳಿದ ಗಡ್ಡೆಯನ್ನು ನಿಮ್ಮ ಡ್ರೈಯರಿಗಿಂತ ಚೆನ್ನಾಗಿ ಕರಗಿಸುತ್ತದೆ. ಪೂರ್ಣ ಒತ್ತಡದಲ್ಲಿ ನೀರು ಬರುವವರೆಗೂ ಹರಿಯಲು ಬಿಡಿ.

ಹಂತ 4: ಸೋರಿಕೆ ಹುಡುಕಿ

ಸೀಳಿದ ಪೈಪು ಹೆಪ್ಪುಗಟ್ಟಿರುವವರೆಗೂ ಸೋರುವುದಿಲ್ಲ, ಏಕೆಂದರೆ ಗಡ್ಡೆಯೇ ಬಿರಡೆಯಂತೆ ತಡೆದಿರುತ್ತದೆ. ನೀರು ಬಂತೆಂಬ ಸಂತೋಷದಲ್ಲಿ ಮನೆ ಬಿಟ್ಟು ಹೋದವರಿಗೆ ಸಂಜೆ ಕಾದಿರುವುದು ಇದೇ. ಎಲ್ಲ ನಲ್ಲಿಗಳನ್ನೂ ಮುಚ್ಚಿ ನೀರಿನ ಮೀಟರನ್ನು ನೋಡಿ. ಯಾರೂ ನೀರು ಬಳಸದಿದ್ದಾಗಲೂ ಮುಳ್ಳು ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಗೋಡೆಯ ಮೇಲಿನ ತೇವವನ್ನು ಮರುದಿನವೂ ಗಮನಿಸಿ.

ಮುಂದಿನ ರಾತ್ರಿಗೆ ಸಿದ್ಧತೆ

ಹೆಪ್ಪುಗಟ್ಟಿದ ಪೈಪು ಚಳಿ ಮುಂದುವರಿದರೆ ಮತ್ತೆ ಹೆಪ್ಪುಗಟ್ಟುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಟ್ಟಡ ಸಂಶೋಧಕರು ರಕ್ಷಣೆಯಿಲ್ಲದ ಅಟ್ಟದ ಪೈಪುಗಳನ್ನು ಪರೀಕ್ಷಿಸಿ, ಹೊರಗಿನ ಉಷ್ಣಾಂಶ ಸುಮಾರು ಮೈನಸ್ 7 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅಪಾಯ ಆರಂಭವಾಗುತ್ತದೆಂದು ಕಂಡುಕೊಂಡಿದ್ದರು. ಗಾಳಿಗೆ ಒಡ್ಡಿಕೊಂಡ ಪೈಪಿಗೆ ಅಷ್ಟೂ ಬೇಕಾಗದು. ಸಿಂಕಿನ ಕೆಳಗಿನ ಕಪಾಟಿನ ಬಾಗಿಲನ್ನು ರಾತ್ರಿ ತೆರೆದಿಟ್ಟು ಕೋಣೆಯ ಬಿಸಿ ಒಳಗೆ ಹೋಗುವಂತೆ ಮಾಡಿ, ಗೋಡೆಯ ಸಂದಿಗಳನ್ನು ಮುಚ್ಚಿ.

ಅಂಗಡಿಗಳಲ್ಲಿ ಪೈಪಿಗೆ ತೊಡಿಸುವ ಫೋಮ್ ಕವಚಗಳನ್ನು ಸಂಪೂರ್ಣ ಪರಿಹಾರವೆಂಬಂತೆ ಮಾರುತ್ತಾರೆ. ಕವಚ ಇರುವ ಬಿಸಿಯನ್ನು ಹಿಡಿದಿಡುತ್ತದೆಯೇ ಹೊರತು ಹೊಸದಾಗಿ ಬಿಸಿ ಹುಟ್ಟಿಸುವುದಿಲ್ಲ. ನೀರು ಹರಿಯದೆ ನಿಂತ ಪೈಪಿಗೆ ಅದು ಕೆಲವು ಗಂಟೆಗಳ ಕಾಲಾವಕಾಶ ಕೊಡುತ್ತದೆ, ಅಷ್ಟೆ. ಶಾಖ ಕೊಡಬೇಕೆಂದರೆ ಪೈಪಿಗೆ ಸುತ್ತುವ, ವಿದ್ಯುತ್ತಿನಿಂದ ಬಿಸಿಯಾಗುವ ಪಟ್ಟಿ, ಅಂದರೆ ಹೀಟಿಂಗ್ ಟೇಪ್ ಬೇಕು. ಅದರಲ್ಲಿ ತಾನಾಗಿಯೇ ಶಾಖವನ್ನು ಹೊಂದಿಸಿಕೊಳ್ಳುವ ಬಗೆಯದನ್ನು ಮಾತ್ರ ಕೊಳ್ಳಿ. ಉಷ್ಣಾಂಶ ನೋಡಿ ತಾನಾಗಿ ಆರಿಸುವ ಥರ್ಮೋಸ್ಟ್ಯಾಟ್ ಕೂಡ ಇಲ್ಲದ ಅಗ್ಗದ ಟೇಪು ಸದಾ ಒಂದೇ ಶಾಖ ಕೊಡುತ್ತದೆ. ಅದನ್ನು ಒಂದರ ಮೇಲೊಂದು ಬರುವಂತೆ ಸುತ್ತಿದರೆ ಆ ಜಾಗ ಸುಟ್ಟುಹೋಗುತ್ತದೆ.

ನಲ್ಲಿಯಿಂದ ರಾತ್ರಿಯಿಡೀ ನೀರು ತೊಟ್ಟಿಕ್ಕಲು ಬಿಡುವುದು ಹಳೆಯ ಉಪಾಯ, ಒಳ್ಳೆಯ ಉಪಾಯ. ಹೆಪ್ಪುಗಟ್ಟಿದರೂ ಒತ್ತಡಕ್ಕೆ ಹೊರದಾರಿ ಇರುತ್ತದೆ ಎಂಬುದೇ ಅದರ ಮುಖ್ಯ ಪ್ರಯೋಜನ, ಆದ್ದರಿಂದ ಹನಿ ಹನಿಯಾಗಿ ಬಿದ್ದರೂ ಸಾಕು. ಆದರೆ ಇಡೀ ನಗರ ಧಾರಾಳವಾಗಿ ಹರಿಯಬಿಟ್ಟರೆ ಸರಬರಾಜಿನ ಒತ್ತಡವೇ ಕುಸಿಯುತ್ತದೆ. 2021ರಲ್ಲಿ ಟೆಕ್ಸಸ್‌ನ ಹ್ಯೂಸ್ಟನ್ ನಗರಾಡಳಿತ ನಲ್ಲಿಗಳನ್ನು ಹರಿಯಬಿಡಬೇಡಿ ಎಂದು ಜನರನ್ನು ಕೇಳಿಕೊಳ್ಳಬೇಕಾಯಿತು. ನಿಮ್ಮ ಊರಿನಲ್ಲಿ ಅಂಥ ಸೂಚನೆ ಬಂದರೆ ಮುಖ್ಯ ವಾಲ್ವ್ ಮುಚ್ಚಿ ಪೈಪುಗಳನ್ನೇ ಖಾಲಿ ಮಾಡುವುದು ಸರಿ.

ವಿದ್ಯುತ್ ಹೋಗಿದ್ದರೆ ಹೀಟರ್, ಗೀಸರ್‌ಗಳ ಸ್ವಿಚ್ಚು ಆರಿಸಿಡಿ. ತಣ್ಣಗಾದ ಮನೆಗಳೆಲ್ಲ ಒಮ್ಮೆಗೇ ಪೂರ್ಣ ಬಲದಲ್ಲಿ ವಿದ್ಯುತ್ ಎಳೆದಾಗ ಬಂದ ಲೈನು ಮತ್ತೆ ಟ್ರಿಪ್ ಆಗಬಹುದು.

ಅನಿಲದ ಬಾಯ್ಲರ್ ಇರುವ ಮನೆಗಳಲ್ಲಿ ಮತ್ತೊಂದು ಪೈಪನ್ನು ಎಲ್ಲರೂ ಮರೆಯುತ್ತಾರೆ. ಹೊಸ ಬಗೆಯ ಬಾಯ್ಲರ್‌ಗಳು ಹೊಗೆಯಲ್ಲಿನ ಆವಿಯನ್ನು ನೀರಾಗಿಸಿ ಸಣ್ಣ ಪ್ಲಾಸ್ಟಿಕ್ ಪೈಪಿನ ಮೂಲಕ ಹೊರಹಾಕುತ್ತವೆ. ಆ ಪೈಪು ಗೋಡೆಯ ಹೊರಗೆ ಹೆಪ್ಪುಗಟ್ಟಿದರೆ ಬಾಯ್ಲರ್ ತಾನಾಗಿಯೇ ನಿಲ್ಲುತ್ತದೆ, ಜನ ಯಂತ್ರ ಕೆಟ್ಟಿತೆಂದು ರಿಪೇರಿಯವರಿಗೆ ಕಾಯುತ್ತ ಕೂರುತ್ತಾರೆ. ಅದಕ್ಕೆ ಮಾತ್ರ ಬೆಚ್ಚನೆಯ ನೀರನ್ನು ಹೊರಗಿನಿಂದ ಸುರಿಯಬಹುದು, ಕುದಿಯುವುದನ್ನಲ್ಲ. ಆಮೇಲೆ ಬಾಯ್ಲರನ್ನು ರೀಸೆಟ್ ಮಾಡಿ.

ಮನೆಯನ್ನು ಚಳಿಗಾಲದಲ್ಲಿ ಖಾಲಿ ಬಿಟ್ಟು ಹೋಗುವವರು ಮುಖ್ಯ ವಾಲ್ವ್ ಮುಚ್ಚಿ, ಗೀಸರನ್ನು ಆರಿಸಿ ಬರಿದು ಮಾಡಿ, ಅತ್ಯಂತ ಕೆಳಗಿನ ನಲ್ಲಿಯನ್ನು ತೆರೆದು ಪೈಪುಗಳನ್ನು ಖಾಲಿ ಮಾಡಬೇಕು. ಶೌಚಾಲಯದ ತೊಟ್ಟಿಯ ನೀರನ್ನೂ ತೆಗೆಯಬೇಕು. ಸಿಂಕು ಮತ್ತು ಬಚ್ಚಲಿನ ಕೆಳಗಿನ ಬಾಗಿದ ಪೈಪಿನಲ್ಲಿ ನಿಲ್ಲುವ ನೀರು ಹೀಗೆ ಖಾಲಿಯಾಗುವುದಿಲ್ಲ. ಅಲ್ಲಿಗೆ ಪ್ರೊಪಿಲೀನ್ ಗ್ಲೈಕಾಲ್ ಇರುವ ಆ್ಯಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ) ದ್ರವವನ್ನು ಸುರಿಯಬೇಕು. ವಾಹನಗಳ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಮನೆಯಲ್ಲಿ ಅದರ ಡಬ್ಬಿ ಉಳಿದಿದ್ದರೂ ಇದಕ್ಕೆ ಬಳಸಬಾರದು.