ಬುದ್ಧಿಮಾತು ನಿಲ್ಲಿಸಿದ ಮೇಲೆ

ಮಗ ಮಂಚದ ತುದಿಯಲ್ಲಿ ಕೂತಿದ್ದ. ಒಂದು ಸಾಕ್ಸ್ ಕಾಲಿನಲ್ಲಿ, ಇನ್ನೊಂದು ಕೈಯಲ್ಲಿ. ಇಪ್ಪತ್ತು ನಿಮಿಷದ ಹಿಂದೆ ಇಣುಕಿದಾಗಲೂ ಹಾಗೇ ಇದ್ದ. ಸಾಕ್ಸಿನಿಂದ ಎದ್ದ ಒಂದು ದಾರವನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ. ನಾನು ಕಿರುಚಿದೆ. ಬೆಚ್ಚಿ ತಲೆ ಎತ್ತಿದ. ಹಟ ಹಿಡಿದವನ ಮುಖ ಅಲ್ಲ ಅದು, ಎಲ್ಲಿಗೋ ಹೋಗಿ ವಾಪಸ್ ಬಂದವನ ಮುಖ.

9ನೇ ವಯಸ್ಸಿಗೆ ಅವನಿಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ತನ್ನನ್ನು ತಡೆದುಕೊಳ್ಳಲು ಕಷ್ಟವಾಗುವ ತೊಂದರೆ ಇದೆ ಅಂತ ಗೊತ್ತಾಯಿತು. ಡಾಕ್ಟರ್ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದರು. ಶುರು ಮಾಡಿದ್ದನ್ನು ಮುಗಿಸ್ತಾನಾ? ಸಾಮಾನು ಕಳ್ಕೋತಾನಾ? ತನ್ನ ಸರದಿಗೆ ಕಾಯ್ತಾನಾ? ಉತ್ತರ ಕೊಡುತ್ತಿದ್ದದ್ದು ಅವನ ಬಗ್ಗೆ, ನೆನಪಾಗುತ್ತಿದ್ದದ್ದು ನನ್ನದೇ ಬಾಲ್ಯ. ಕೆಲವು ತಿಂಗಳ ನಂತರ ನನ್ನ ತಪಾಸಣೆಯೂ ಆಯಿತು. ದೊಡ್ಡವರಲ್ಲಿ ಇದನ್ನು ಗುರುತಿಸಬೇಕಾದರೆ 12 ವರ್ಷಕ್ಕೆ ಮೊದಲೇ ಕೆಲವು ಲಕ್ಷಣ ಇದ್ದಿರಬೇಕು. ಅಮ್ಮ ಜೋಪಾನ ಮಾಡಿದ್ದ ಮಾರ್ಕ್ಸ್ ಕಾರ್ಡುಗಳನ್ನು ಹೊತ್ತುಕೊಂಡು ಹೋದೆ. ವರ್ಷ ವರ್ಷವೂ ಅದೇ ಷರಾ: ಗಮನ ಸಾಲದು. ಗಲಾಟೆ ಮಾಡದ ಹುಡುಗಿ ಅಲ್ವಾ, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ರಸೆಲ್ ಬಾರ್ಕ್ಲಿ ಅನ್ನುವ ಮನಶ್ಶಾಸ್ತ್ರಜ್ಞರು 1997ರಲ್ಲೇ ಹೇಳಿದ್ದರು, ಇಲ್ಲಿ ಮೂಲ ತೊಂದರೆ ತನ್ನನ್ನು ತಾನು ತಡೆದುಕೊಳ್ಳುವುದರಲ್ಲಿದೆ ಅಂತ. ಏನು ಮಾಡಬೇಕು ಅಂತ ಇವರಿಗೆ ಗೊತ್ತಿರುತ್ತದೆ. ಆದರೆ ಗೊತ್ತಿದ್ದದ್ದು ಬೇಕಾದ ಹೊತ್ತಿಗೆ ಒದಗುವುದಿಲ್ಲ. ಇದನ್ನು ಓದಿದ ದಿನ ನನಗೆ ನಗು ಬಂತು. ದಿನಾ ರಾತ್ರಿ ನಾನು ಕೊಡುತ್ತಿದ್ದ ಬುದ್ಧಿಮಾತೆಲ್ಲ ಅವನಿಗೆ ಬಾಯಿಪಾಠ ಆಗಿತ್ತು!

ಹಾಗಾಗಿ ಹೇಳುವುದನ್ನು ಬಿಟ್ಟು, ಕೆಲಸ ಆಗಬೇಕಾದ ಜಾಗದಲ್ಲೇ ನೆನಪನ್ನು ಇಡಲು ಶುರು ಮಾಡಿದೆ. ಮೊದಲು ಗೋಡೆಗೆ ಮಾಡಬೇಕಾದ ಕೆಲಸಗಳ ಬಣ್ಣದ ಪಟ್ಟಿ ಅಂಟಿಸಿದೆ. ಹತ್ತು ದಿನಕ್ಕೆ ಅದು ಗೋಡೆಯದೇ ಭಾಗವಾಯಿತು. ಆಮೇಲೆ ಸಾಕ್ಸ್, ಬೆಲ್ಟ್, ಶೂ, ಬ್ಯಾಗ್ ಎಲ್ಲವನ್ನೂ ಮಂಚದಿಂದ ಬಾಗಿಲ ತನಕ ನೆಲದ ಮೇಲೆ ಸಾಲಾಗಿ ಇಟ್ಟೆ. ಒಂದನ್ನು ಹಾಕಿಕೊಂಡರೆ ಮುಂದಿನದು ಕಣ್ಣೆದುರೇ. ಮನೆ ನೋಡಕ್ಕೆ ಚೆನ್ನಾಗಿರಲ್ಲ, ನಿಜ. ಜೊತೆಗೆ ಕೆಂಪು ಭಾಗ ಕರಗುತ್ತಾ ಹೋಗುವ ಟೈಮರ್ ತಂದೆ. "ಇನ್ನು ಹತ್ತು ನಿಮಿಷ" ಅಂದರೆ ಅವನಿಗೂ ನನಗೂ ಅದು ಬರೀ ಶಬ್ದ. ಕಣ್ಣಿಗೆ ಕಂಡರೆ ಮಾತ್ರ ಅದು ಸಮಯ.

ಭಾನುವಾರ ಬಹುಮಾನ ಕೊಡ್ತೀನಿ ಅಂದದ್ದು ಕೈಕೊಟ್ಟಿತು. ಸೋಮವಾರ ಬೆಳಗ್ಗೆಗೆ ಭಾನುವಾರ ಅನ್ನುವುದು ಇರುವುದೇ ಇಲ್ಲ. ಅದಕ್ಕೇ ಕೆಲಸ ಆದ ತಕ್ಷಣ ಗಾಜಿನ ಬಾಟಲಿಗೆ ಒಂದು ಗೋಲಿ. ಟಣ್ ಅಂತ ಬೀಳುವ ಆ ಸದ್ದೇ ಅವನಿಗೆ ಅರ್ಧ ಬಹುಮಾನ. ಹತ್ತು ಗೋಲಿಗೆ ಹದಿನೈದು ನಿಮಿಷ ಜಾಸ್ತಿ ಆಟ. ಮೂರು ವಾರಕ್ಕೆ ಗೋಲಿಯೂ ಬೇಜಾರಾಯಿತು, ಬೇರೆ ಹುಡುಕಿದೆ. ಏನೇ ಮಾಡಿದರೂ ಅದು ಹಳತಾಗುತ್ತದೆ, ಆಗ ಬದಲಾಯಿಸುತ್ತಲೇ ಇರಬೇಕು.

ಮಾತ್ರೆಗೆ ಒಂದು ವರ್ಷ ಒಪ್ಪಲಿಲ್ಲ ನಾನು. ಅಷ್ಟು ತಡ ಮಾಡಬಾರದಿತ್ತು ಅಂತ ಈಗ ಅನಿಸುತ್ತದೆ. ಡಾಕ್ಟರ್ ಬರೆದುಕೊಟ್ಟ ಮೀಥೈಲ್‌ಫೆನಿಡೇಟ್ ತಗೊಂಡ ದಿನ ಅವನಿಗೆ ಮಧ್ಯಾಹ್ನ ಹಸಿವು ಕಮ್ಮಿ, ಆದರೆ ಒಂದು ಲೆಕ್ಕವನ್ನು ಕೊನೆ ತನಕ ಮಾಡುತ್ತಾನೆ. ಬ್ಯಾಗ್ ಎಲ್ಲಿಡಬೇಕು ಅಂತ ಮಾತ್ರೆ ಕಲಿಸಲ್ಲ, ಅದು ಬೇರೆ ವಿಷಯ.

ನನಗೂ ಇದೇ ಉಪಾಯಗಳು. ಬಿಲ್ಲುಗಳೆಲ್ಲ ಖಾತೆಯಿಂದ ತಾನಾಗಿಯೇ ಕಟ್ಟಿಹೋಗುತ್ತವೆ. ಸಿಟ್ಟಿನಲ್ಲಿ ಇಮೇಲ್ ಬರೆದರೆ ವಿಳಾಸದ ಜಾಗ ಖಾಲಿ ಬಿಡುತ್ತೇನೆ. ಮಾರನೇ ದಿನ ಓದಿದಾಗ ಹೆಚ್ಚಿನವು ಕಳಿಸುವ ಹಾಗೇ ಇರುವುದಿಲ್ಲ.

ಆ ಸಾಕ್ಸುಗಳ ದಾರ ಕತ್ತರಿಸಿ ಹಾಕಿದ್ದಾಯಿತು. ಈಗ ಶೂ ಲೇಸ್ ಹಿಡಿದು ಕೂರುತ್ತಾನೆ. ಲೇಸ್ ಇಲ್ಲದ ಶೂ ತರಬೇಕು ಅಂತ ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ. ಎರಡು ಸಲ ಹೊಡೆಯಿತು, ಎರಡು ಸಲವೂ ಆಫ್ ಮಾಡಿದೆ.